ಹನ್ನೊಂದನೆಯ ಟ್ಯೂಬು

ಆಕೆ ಹತ್ತೊಂಬತ್ತು ವರ್ಷಗಳಿಂದ ಆಸ್ಪತ್ರೆಯ ಲ್ಯಾಬಿನಲ್ಲಿ ಬೆನ್ನುಹುರಿಯ ನೀರನ್ನು ಪರೀಕ್ಷಿಸುತ್ತಿದ್ದಳು. ಮರೆವಿನ ರೋಗ ಮಿದುಳಿಗೆ ಹೊಕ್ಕಿದ್ದರೆ ಆ ನೀರಿನಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನು ಇಳಿಯುತ್ತದೆ, ಟೌ ಎಂಬುದು ಏರುತ್ತದೆ. ಕೆಲವರಲ್ಲಿ ಮರೆವು ಕಾಣಿಸಿಕೊಳ್ಳುವುದಕ್ಕೆ ಹತ್ತು ವರ್ಷ ಮೊದಲೇ ಈ ಅಂಕಿಗಳು ಬಾಯಿಬಿಡುತ್ತವೆ.

ಭಾವ ತೀರಿಕೊಂಡ ಮೇಲೆ ಅವಳ ಅಕ್ಕ ಮಂಕಾದಳು. ಮೂವತ್ತು ವರ್ಷ ಗಣಿತ ಕಲಿಸಿದವಳು ಚಿಲ್ಲರೆ ಎಣಿಸಲು ತಡವರಿಸುತ್ತಿದ್ದಳು. ಅವರಮ್ಮ ಕೊನೆಗಾಲದಲ್ಲಿ ಇಬ್ಬರು ಮಕ್ಕಳನ್ನೂ ಗುರುತಿಸದೆ ಹೋದವಳು. ಆ ಭಯ ಮನೆ ಬಿಟ್ಟಿರಲಿಲ್ಲ.

ಆ ನೀರು ತೆಗೆಯಲು ಡಾಕ್ಟರು ಸೊಂಟಕ್ಕೆ ಸೂಜಿ ಹಾಕುವಾಗ ಅಕ್ಕ ಮಂಡಿ ಮಡಚಿಕೊಂಡು ಮಲಗಿದ್ದಳು.

"ಪುಟ್ಟೀ, ಲೆಕ್ಕದ ಟೀಚರಿಗೇ ಲೆಕ್ಕ ತಪ್ಪಿತು ಅಂದ್ರೆ ನನ್ನ ಹಳೇ ಮಕ್ಕಳೆಲ್ಲ ಕುಣಿದಾಡ್ತಾರೆ ಕಣೇ."

"ಸುಮ್ನಿರಕ್ಕ, ಅಲ್ಲಾಡ್ಬೇಡ," ಎಂದು ತಂಗಿ ಅವಳ ಕೈ ಅದುಮಿದಳು.

ಆ ವಾರ ಲ್ಯಾಬಿಗೆ ಹೊಸ ಯಂತ್ರ ಬಂದಿತ್ತು. ರೋಗಿಗಳ ನೀರಿನ ಜೊತೆ ಹೋಲಿಸಿ ನೋಡಲು, ವರ್ಷದ ಹಿಂದೆ ಆರೋಗ್ಯವಂತ ಸಿಬ್ಬಂದಿ ಕೊಟ್ಟಿದ್ದ ತಮ್ಮ ನೀರಿನ ಟ್ಯೂಬುಗಳನ್ನು ಫ್ರೀಜರಿನಿಂದ ತೆಗೆದರು. ಮೇಲೆ ಹೆಸರಿಲ್ಲ, ನಂಬರಷ್ಟೇ. ಹನ್ನೊಂದು ತನ್ನದೆಂದು ಆಕೆಗೆ ನೆನಪಿತ್ತು.

ಅಕ್ಕನ ಅಂಕಿಗಳು ಸರಿಯಾಗಿದ್ದವು. ಆಕೆ ಗೋಡೆಗೊರಗಿ ಅತ್ತಳು. ಆಮೇಲೆ ಕಣ್ಣು ಕೆಳಗಿನ ಸಾಲಿಗೆ ಇಳಿಯಿತು. ಹನ್ನೊಂದರಲ್ಲಿ ಅಮಿಲಾಯ್ಡ್ ಕುಸಿದಿತ್ತು, ಟೌ ಏರಿತ್ತು. ಮತ್ತೆ ಯಂತ್ರಕ್ಕೆ ಹಾಕಿದಳು. ಅದೇ.

"ಇದು ಸೂಚನೆ ಅಷ್ಟೇ, ತೀರ್ಪಲ್ಲ," ಎಂದರು ಡಾಕ್ಟರು. "ರೋಗ ಯಾವಾಗ ಬರುತ್ತೋ, ಬರುತ್ತೋ ಇಲ್ವೋ, ಯಾರೂ ಹೇಳೋಕಾಗಲ್ಲ."

ಅಕ್ಕನಿಗಿದ್ದದ್ದು ಥೈರಾಯ್ಡಿನ ಕೊರತೆ, ಮೇಲೆ ಗಂಡ ಹೋದ ದುಃಖ. ಮಾತ್ರೆ ಶುರುವಾಗಿ ಮೂರು ತಿಂಗಳಲ್ಲಿ ಚುರುಕಾದಳು. ತಂಗಿ ಮಾತ್ರ ತನ್ನ ಹೆಜ್ಜೆ ಸಪ್ಪಳಕ್ಕೇ ಬೆಚ್ಚುತ್ತಿದ್ದಳು. ಕೀಲಿ ಸಿಗದಿದ್ದರೆ ಚೀಲವನ್ನೆಲ್ಲ ನೆಲಕ್ಕೆ ಸುರಿಯುತ್ತಿದ್ದಳು. ಕೋಣೆಗೆ ಬಂದು ಬಂದದ್ದೇಕೆಂದು ತಿಳಿಯದೆ ನಿಂತಾಗ, ಬೆನ್ನ ಹಿಂದೆ ಅಮ್ಮನೂ ನಿಂತಂತಾಗುತ್ತಿತ್ತು.

ಕಡೆಗೊಂದು ಭಾನುವಾರ ಎಲ್ಲವನ್ನೂ ಹೇಳಿಬಿಟ್ಟಳು. ಮರುದಿನ ಅಕ್ಕ ಎರಡು ಚೀಲ ಹಿಡಿದು ತಂಗಿಯ ಮನೆಗೆ ಬಂದಳು.

"ಇಲ್ಲೇ ಇರ್ತೀನಿ."

ಒಂದು ಮಧ್ಯಾಹ್ನ ಹಾಲು ಉಕ್ಕುತ್ತಿತ್ತು. ತಂಗಿ ಬೆರಳುಗಳನ್ನು ಗಾಳಿಯಲ್ಲಿ ಅದುಮಿ ತೋರಿಸುತ್ತಾ, "ಅಕ್ಕ, ಅದು ಕೊಡೇ... ಬಿಸಿ ಪಾತ್ರೆ ಹಿಡಿಯೋದು... ಅದು..." ಎಂದಳು.

ಇಕ್ಕಳ ಅಕ್ಕನ ಕೈಯಲ್ಲೇ ಇತ್ತು. ಅವಳು ಕೊಡಲಿಲ್ಲ, ಹೇಳಿಕೊಡಲೂ ಇಲ್ಲ. ಆ ಹೆಸರು ತಂಗಿಯ ಬಾಯಿಂದಲೇ ಬರಲೆಂದು ಕಾದಳು. ಹಾಲು ಸುರಿದು ಒಲೆ ಚುರ್ರೆಂದಿತು.

"ಇಕ್ಕಳ," ಎಂದಳು ತಂಗಿ ಕೊನೆಗೆ.

ಇಬ್ಬರೂ ನಕ್ಕರು. ಯಾರು ಮೊದಲು ನಗು ನಿಲ್ಲಿಸುವುದೆಂದು ಇಬ್ಬರಿಗೂ ತಿಳಿಯಲಿಲ್ಲ.