ಶಾಮರಾಯರ ಎಡಗೆನ್ನೆ

ಶಾಮರಾಯರು ತಮ್ಮ ದೇಹವನ್ನು ಕಾಲೇಜಿಗೆ ಬರೆದುಕೊಟ್ಟದ್ದು ಪದ್ಮಾಕ್ಷಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆ ಕಾಗದಕ್ಕೆ ಸಾಕ್ಷಿಯಾಗಿ ಸಹಿ ಹಾಕಿದವಳೇ ಅವಳು. ಗೊತ್ತಿಲ್ಲದೆ ಉಳಿದದ್ದು ಒಂದು ಸಾಲು. ಸಾಯುವುದಕ್ಕೆ ಹದಿನೈದು ದಿನ ಇರುವಾಗ ಅವರು ಅದೇ ಕಾಗದದ ಕೆಳಗೆ ತಮ್ಮ ಕೈಯಾರೆ ಬರೆದು ಸೇರಿಸಿದ್ದ ಆ ಸಾಲನ್ನು ಪ್ರಾಂಶುಪಾಲರು ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು: 'ನನ್ನ ಮುಖದ ಎಡಭಾಗವನ್ನು ಸೌಜನ್ಯಳೇ ಕೊಯ್ದು ಬಿಡಿಸಬೇಕು.'

ಪದ್ಮಾಕ್ಷಿಯ ಹೊಟ್ಟೆಗೆ ಯಾರೋ ಕೆಂಡ ಸುರಿದಂತಾಯಿತು. ಆದರೂ ಮುಖ ಸಡಿಲಿಸದೆ, "ಸರ್ ಇಷ್ಟದಂತೆಯೇ ಆಗಲಿ" ಎಂದು ಎದ್ದು ಬಂದಳು. ಅಂಗರಚನಾಶಾಸ್ತ್ರ ವಿಭಾಗದ ಮುಖ್ಯಸ್ಥೆ ಬೇರೇನು ತಾನೇ ಹೇಳಲು ಸಾಧ್ಯ? ಸ್ಕೂಟರಿನಲ್ಲಿ ಬ್ರಹ್ಮಾವರದಿಂದ ಸಾಲಿಗ್ರಾಮದ ಮನೆಗೆ ಬರುವಷ್ಟರಲ್ಲಿ ಆ ಒಂದು ಸಾಲನ್ನು ಮನಸ್ಸಿನಲ್ಲೇ ನೂರು ಸಲ ಓದಿ ಮುಗಿಸಿದ್ದಳು.

ಅವಳ ಸಂಕಟವೂ ಸುಳ್ಳಲ್ಲ. ಹೆದ್ದಾರಿ ಬದಿಯ ಆ ದಂತವೈದ್ಯಕೀಯ ಕಾಲೇಜಿನಲ್ಲಿ ವಿಭಾಗ ಕಟ್ಟಿದವರು ಶಾಮರಾಯರು. ಅವರ ಕೈಕೆಳಗೆ ಹದಿನೆಂಟು ವರ್ಷ ದುಡಿದವಳು ಪದ್ಮಾಕ್ಷಿ. ಅವರು ನಿವೃತ್ತರಾಗಿ, ಹೆಂಡತಿಯನ್ನೂ ಕಳೆದುಕೊಂಡು, ಕೋಟದ ಮನೆಯಲ್ಲಿ ಹಾಸಿಗೆ ಹಿಡಿದ ಮೇಲೆ ಆರು ತಿಂಗಳು ಪ್ರತಿ ಭಾನುವಾರ ಮೆತ್ತಗಿನ ಅನ್ನ, ಒಂದೆಲಗದ ತಂಬುಳಿ ಒಯ್ದು ಎದುರು ಕೂತು ಉಣ್ಣಿಸಿದವಳೂ ಅವಳೇ. ಸೌಜನ್ಯ ಹೋದದ್ದು ಎರಡು ಸಲ. ಎರಡೇ ಸಲ! ಅದೂ ಬಸ್ಸು ಇಳಿದು, ಅರ್ಧ ಗಂಟೆ ಕೂತು, ಮತ್ತೆ ಬಸ್ಸು ಹತ್ತಿ.

ಸೌಜನ್ಯ ಅದೇ ವಿಭಾಗದ ಕಿರಿಯ ಉಪನ್ಯಾಸಕಿ, ತಲ್ಲೂರಿನವಳು. ತಾಯಿ ಜಲಜ ಇವತ್ತಿಗೂ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರುತ್ತಾಳೆ. ಸೌಜನ್ಯ ಅದನ್ನು ಮುಚ್ಚಿಡುವವಳಲ್ಲ, ಕ್ಲಾಸಿನಲ್ಲೇ ಹೇಳುತ್ತಾಳೆ. ಕೆಲಸಕ್ಕೆ ಸೇರಿ ಮೂರು ವರ್ಷವಾಗಿಲ್ಲ, ಹುಡುಗರೆಲ್ಲ ಅವಳ ಹಿಂದೆ. ಪದ್ಮಾಕ್ಷಿ ಏಳು ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಕತ್ತನ್ನು ಅರಳಿಸಿ ಚಿತ್ರಿಸಿದರೆ ಹುಡುಗರು ಮೊಬೈಲಿನಲ್ಲಿ ಫೋಟೋ ಹೊಡೆದು ಆಕಳಿಸುತ್ತಾರೆ. ಪಕ್ಕದ ಕೋಣೆಯಲ್ಲಿ ಸೌಜನ್ಯ, "ಹಲ್ ಕಚ್ಚಿ ಕಾಣಿ, ಕೆನ್ನಿ ಮುಟ್ಟಿ ಕಾಣಿ, ಗಟ್ಟಿ ಆಯ್ತಲ್ದಾ, ಅದೇ ಮಾಂಸಖಂಡ" ಅಂದರೆ ನಲವತ್ತು ಜನ ಒಟ್ಟಿಗೆ ನಗುವುದು ಗೋಡೆ ದಾಟಿ ಬರುತ್ತದೆ. ಆ ನಗು ಕೇಳಿದ ದಿನ ಪದ್ಮಾಕ್ಷಿ ಎಷ್ಟು ಒತ್ತಿ ಬರೆಯುತ್ತಿದ್ದಳೆಂದರೆ ಸೀಮೆಸುಣ್ಣ ಎರಡು ತುಂಡಾಗುತ್ತಿತ್ತು.

ಅದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಬೇರೆ. ಎರಡು ವರ್ಷದ ಹಿಂದೆ ಶಾಮರಾಯರು ಒಮ್ಮೆ ದೇಹ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲಿಗೆ ಬಂದಿದ್ದಾಗ ಸೌಜನ್ಯ ಕುತ್ತಿಗೆಯ ಒಂದು ಸಣ್ಣ ನರವನ್ನು ಬರಿಯ ಬೆರಳ ತುದಿಯಿಂದ ಹುಡುಕಿ ಎತ್ತಿಕೊಟ್ಟಳು. ಶಾಮರಾಯರು ಎಲ್ಲರೆದುರು, "ಈ ಹೆಣ್ಣಿನ ಕೈಯಗೆ ಕಣ್ಣಿತ್ತ್ ಕಾಣಿ" ಅಂದುಬಿಟ್ಟರು. ಹದಿನೆಂಟು ವರ್ಷದಲ್ಲಿ ಅಂಥ ಮಾತು ಪದ್ಮಾಕ್ಷಿಯ ಪಾಲಿಗೆ ಬರಲಿಲ್ಲ. ಅವಳಿಗೆ ಸಿಕ್ಕದ್ದು ಅವರ ಓರೆ ನಗು ಮಾತ್ರ. ಬಾಯಿಯ ಬಲತುದಿ ಮಾತ್ರ ಮೇಲೇರುವ, ಎಡತುದಿ ಇದ್ದಲ್ಲೇ ಇರುವ ಆ ನಗುವಿನಲ್ಲಿ ಅವರು ತನ್ನನ್ನು ಛೇಡಿಸುತ್ತಾರೆ, ಅದು ತನ್ನ ಮೇಲಿನ ಸಲಿಗೆ ಎಂದು ಅವಳು ನಂಬಿದ್ದಳು. ಹಾಲಿನ ಗೋಡೆಯಲ್ಲಿದ್ದ ಅವರ ಫೋಟೋದಲ್ಲೂ ಅದೇ ನಗು.

ಎಡಭಾಗ ಎಂದರೆ ಏನೆಂದು ಆ ಹಾಲಿನಲ್ಲಿ ಕೆಲಸ ಮಾಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೇಜಿನ ಎಡಕ್ಕೆ ದೊಡ್ಡ ಕಿಟಕಿ. ಬೆಳಕು ಬೀಳುವುದು ಎಡಗೆನ್ನೆಯ ಮೇಲೆ, ಹುಡುಗರು ಮುಗಿಬಿದ್ದು ನಿಲ್ಲುವುದು ಆ ಕಡೆಗೆ. ಬಲಭಾಗ ಗೋಡೆಯ ಕಡೆಗೆ, ಒದ್ದೆ ಬಟ್ಟೆಯ ಅಡಿಯಲ್ಲಿ. ಹಲ್ಲಿನ ಡಾಕ್ಟರಾಗುವ ಮಕ್ಕಳಿಗೆ ಇಡೀ ದೇಹದಲ್ಲಿ ಮುಖ್ಯವಾದದ್ದೇ ಮುಖ. ಆ ಮುಖದ ಬೆಳಕಿನ ಅರ್ಧವನ್ನು ಮೀನು ಮಾರುವವಳ ಮಗಳಿಗೆ ಬರೆದಿಟ್ಟು ಹೋಗಿದ್ದರು. ಹೀಗೆ ಯೋಚಿಸಿದ್ದಕ್ಕೆ ಪದ್ಮಾಕ್ಷಿಗೆ ತನ್ನ ಮೇಲೇ ನಾಚಿಕೆಯಾಯಿತು. ಆದರೂ ಯೋಚಿಸಿದಳು.

ತಿಂಗಳುಗಳು ಕಳೆದು ದೇಹ ಸಿದ್ಧವಾಯಿತು. ಸೋಮವಾರ ಒಂಬತ್ತು ಗಂಟೆಗೆ ಮೊದಲ ವರ್ಷದವರ ಮೊದಲ ದಿನ. ಭಾನುವಾರವಿಡೀ ಪದ್ಮಾಕ್ಷಿಗೆ ಒಂದೇ ಹಟ: ಸರ್ ಮುಖಕ್ಕೆ ಮೊದಲ ಕೈ ತನ್ನದೇ ಆಗಬೇಕು. ಸೌಜನ್ಯ ಬರುವಷ್ಟರಲ್ಲಿ ಎಡಗೆನ್ನೆಯ ನರವನ್ನು ಐದೂ ಕವಲಿನೊಂದಿಗೆ ಬಿಡಿಸಿ ಇಟ್ಟಿರಬೇಕು. ಇಷ್ಟು ವರ್ಷದಲ್ಲಿ ಆ ನರದ ಒಂದೇ ಒಂದು ಕವಲನ್ನೂ ಕಡಿದವಳಲ್ಲ ಅವಳು. ಊರೂರಿನ ಪರೀಕ್ಷಕರು ಅದನ್ನು ಹೇಳುತ್ತಿದ್ದರು. ಕೈಯಲ್ಲಿ ಕಣ್ಣು ಯಾರಿಗಿದೆ ಎಂದು ಹುಡುಗರೂ ನೋಡಲಿ.

ಸೋಮವಾರ ಬೆಳಿಗ್ಗೆ ಆರೂವರೆಗೆ ಅವಳು ಬಂದಾಗ ಅಟೆಂಡರ್ ಕುಷ್ಟ ಬಾಗಿಲು ತೆಗೆದ. ಒಳಗೆ ಮೇಜು ಎಂದಿನ ಹಾಗಿರಲಿಲ್ಲ. ತಲೆಯ ದಿಕ್ಕು ಬದಲಾಗಿ, ಬಲಗೆನ್ನೆ ಕಿಟಕಿಯ ಕಡೆಗೆ ಬಂದಿತ್ತು.

"ಇದ್ ಯಾರ್ ತಿರ್ಗ್ಸದ್ ಕುಷ್ಟ?"

"ಸೌಜನ್ಯ ಮೇಡಂ ಶನಿವಾರ ಹೇಳಿ ಹೋಯಿರ್ ಅಮ್ಮ. ಎಂತಕ್ಕಂದ್ ನಂಗ್ ಗೊತ್ತಿಲ್ಲೆ."

ಈಗಲೇ ಹಾಲಿನ ಯಜಮಾನಿಕೆ ಶುರುವಾಯಿತೇ ಎಂದು ಪದ್ಮಾಕ್ಷಿಗೆ ಮೈಯೆಲ್ಲ ಉರಿಯಿತು. "ಮೊದ್ಲ್ ಹೆಂಗ್ ಇತ್ತೋ ಹಾಂಗೇ ಮಾಡ್" ಎಂದಳು. ಕುಷ್ಟ ಚಕ್ರದ ಮೇಜನ್ನು ತಿರುಗಿಸಿ ಹೊರಗೆ ಹೋದ.

ಅವಳು ಮುಖದ ಬಟ್ಟೆ ಸರಿಸಿದಳು. ಸದಾ ಗಡ್ಡ ಬಿಟ್ಟಿರುತ್ತಿದ್ದ ಶಾಮರಾಯರನ್ನು ಗಡ್ಡವಿಲ್ಲದೆ ಅವಳು ನೋಡಿದ್ದೇ ಅಂದು. ಆಮೇಲೆ, "ನಂಗ್ ಎಂತ ಕಡ್ಮಿ ಇತ್ತ್ ಸರ್?" ಎಂದು ಮೆಲ್ಲಗೆ ಕೇಳಿ ಕಿವಿಯ ಮುಂದೆ ಬ್ಲೇಡು ಇಟ್ಟಳು. ಚರ್ಮದಲ್ಲಿ ಹಳೆಯದೊಂದು ಬಿಳಿ ಗೆರೆ ಕಂಡಿತು. ಹೊಟ್ಟೆಯುರಿಯ ಅವಸರದಲ್ಲಿ ಅವಳು ಅದನ್ನು ಮುಪ್ಪಿನ ಸುಕ್ಕೆಂದುಕೊಂಡಳು. ಬೇರೆ ಯಾವ ದಿನವಾದರೂ, ಬೇರೆ ಯಾರ ಮುಖವಾದರೂ, ಅವಳು ಅಲ್ಲೇ ನಿಲ್ಲುತ್ತಿದ್ದಳು.

ಚರ್ಮದ ಕೆಳಗೆ ಯಾವುದೂ ಇರಬೇಕಾದ ಜಾಗದಲ್ಲಿರಲಿಲ್ಲ. ಜೊಲ್ಲಿನ ಗ್ರಂಥಿ ಮೆತ್ತಗೆ ಬಿಟ್ಟುಕೊಡುವ ಬದಲು ತೊಗಲಿನಂತೆ ಗಟ್ಟಿಯಾಗಿ ಅಂಟಿಕೊಂಡಿತ್ತು. ಒಂದೂವರೆ ಗಂಟೆ ಹೊತ್ತು ಬೆನ್ನು ಬಗ್ಗಿಸಿ ಎಳೆ ಎಳೆಯಾಗಿ ಬಿಡಿಸಿದಳು. ನಾಲ್ಕು ಕವಲು ಸಿಕ್ಕವು. ಐದನೆಯದು, ಬಾಯಿಯ ಮೂಲೆಯನ್ನು ಮೇಲಕ್ಕೆಳೆಯುವ ಕವಲು, ಸಿಗಲಿಲ್ಲ. ಗಡಿಯಾರ ನೋಡಿದಳು: ಎಂಟು ಇಪ್ಪತ್ತು. ಸೌಜನ್ಯಳ ಬಸ್ಸು ಬರುವ ಹೊತ್ತು. ಕೈ ಚುರುಕು ಮಾಡಿದಳು. ಬ್ಲೇಡಿನ ತುದಿಯಲ್ಲಿ ಏನೋ ಚಕ್ಕನೆ ಬಿಟ್ಟುಕೊಟ್ಟಿತು. ನೋಡಿದರೆ ಬಿಳಿ ದಾರದಂಥ ಎರಡು ತುದಿಗಳು.

ಮುಚ್ಚಿಡಲು ಬಟ್ಟೆಗೆ ಕೈ ಹಾಕುವಷ್ಟರಲ್ಲಿ ಬಾಗಿಲಲ್ಲಿ ಸೌಜನ್ಯ ನಿಂತಿದ್ದಳು, ಹೆಗಲಲ್ಲಿ ಇನ್ನೂ ಬ್ಯಾಗು.

ಅವಳು ಕೂಗಾಡಲಿಲ್ಲ. ಹತ್ತಿರ ಬಂದು, ಬಗ್ಗಿ ನೋಡಿ, "ಬಾಯಿ ಕವಲಾ ಮೇಡಂ?" ಎಂದಳು.

ಪದ್ಮಾಕ್ಷಿ ತಲೆಯಾಡಿಸಿದಳು. ಬೈದಿದ್ದರೆ ಎಷ್ಟೋ ಸಲೀಸಾಗುತ್ತಿತ್ತು.

"ನಾನಾರೂ ಕಡಿತಿದ್ದೆ. ಅಲ್ಲಿ ಕೈ ಹಾಕ್ದವ್ರ್ ಯಾರಾರೂ ಕಡುದೇ ಅಂದ್ ಸರ್ ಹೇಳಿರ್. ಮೂವತ್ತೈದ್ ವರ್ಷದ್ ಹಿಂದೆ ಆ ಬದಿ ಗಡ್ಡೆ ತೆಗ್ಸಿದ್ರಂಬ್ರ್. ಒಳ್ಗೆಲ್ಲ ಕಲೆಕಟ್ಟಿ ಅಂಟ್ಕಂಡ್ ಇತ್ತ್ ಅಂದಿರ್."

"ಗಡ್ಡೆ? ಸರ್ ನಂಗ್ ಹೇಳ್ಲೇ ಇಲ್ಲೆ."

"ನಿಮ್ಗೆ ಹೇಳುಕಾಗ ಅಂದಿರ್ ಮೇಡಂ." ಸೌಜನ್ಯ ಬ್ಯಾಗು ಕೆಳಗಿಟ್ಟಳು. "ಆಪರೇಶನ್ನಗೆ ಆ ಬದಿ ಬಾಯಿ ಸೋತ್ ಹೋಯ್ತಂಬ್ರ್. ಪದ್ಮಾಕ್ಷಿ ಅದ್ನ ನಗಿ ಅಂದೇಳಿ ತಿಳ್ಕಂಡಿತ್, ಹಾಂಗೇ ಇರ್ಲಿ, ನಂಗೂ ಖುಷಿ ಅಂದಿರ್."

ಪದ್ಮಾಕ್ಷಿ ಗೋಡೆಯ ಫೋಟೋ ನೋಡಿದಳು. ಆ ಓರೆ ನಗುವಿನ ಎಡತುದಿ ಯಾಕೆ ಮೇಲೇರುತ್ತಿರಲಿಲ್ಲ ಎಂದು ಮೊದಲ ವರ್ಷದ ಹುಡುಗನೂ ಹೇಳಬಲ್ಲ. ಆ ನರವನ್ನೇ ಪಾಠ ಮಾಡುತ್ತ ಬಂದವಳಿಗೆ ಒಂದು ದಿನವೂ ಹೊಳೆಯಲಿಲ್ಲ. ಹೊಳೆಯದಿದ್ದುದಕ್ಕೆ ಕಾರಣ ಅವಳಿಗೆ ಗೊತ್ತಿತ್ತು. ಆ ನಗು ತನ್ನದೆಂದು ಅವಳಿಗೆ ಬೇಕಾಗಿತ್ತು.

"ಹಾಂಗಾರೆ ಎಡ ಬದಿ ನಿಂಗ್ ಎಂತಕ್ ಬರ್ದದ್?"

"ಹಾಳಾಪುದ್ ನನ್ ಕೈಯಗೆ ಆಯ್ಲಿ ಅಂದೇಳಿ." ಸೌಜನ್ಯ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಬಲ ಬದಿ ಚಂದ ಇತ್ತ್, ಅದ್ ಪದ್ಮಾಕ್ಷಿಗೆ, ಅದ್ರ್ ಕೈಯಗೆ ಇಷ್ಟ್ ವರ್ಷ ಒಂದ್ ನರ ಕಡ್ದದ್ದಿಲ್ಲೆ, ನನ್ ಮುಖದಗೆ ಆಪುದ್ ಬ್ಯಾಡ ಅಂದಿರ್. ಬರೀಲಿಲ್ಲೆ ಅಷ್ಟೇ. ನೀವ್ ಇಪ್ಪಾಗ ಅದ್ ನಿಮ್ದೇ ಅಲ್ದಾ, ಬರುದ್ ಎಂತಕ್ಕೆ? ಮಕ್ಳಿಗೆ ನಿಮ್ ಬದಿ ಕಾಣ್ಕಂದೇಳಿ ನಾನ್ ಮೇಜ್ ತಿರ್ಗ್ಸುಕೆ ಹೇಳಿ ಹೋಯಿದ್ದೆ."

ಪದ್ಮಾಕ್ಷಿ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟಳು. ಹೊರಗೆ ವರಾಂಡದಲ್ಲಿ ಹುಡುಗರ ಚಪ್ಪಲಿಯ ಸದ್ದು ಶುರುವಾಗಿತ್ತು.

"ಮಕ್ಳ್ ಬಂದ್ರ್," ಎಂದಳು ಸೌಜನ್ಯ, ಕೈಗವಸು ಹಾಕಿಕೊಳ್ಳುತ್ತ. "ನಾನೇ ಕಡ್ದದ್ ಅಂದ್ ಹೇಳ್ತೆ ಮೇಡಂ. ಹೆಂಗೂ ಅದ್ ನನ್ ಪಾಲಿಂದೇ."

ಅದನ್ನು ಅವಳು ಎಷ್ಟು ಹಗುರಾಗಿ ಹೇಳಿದಳು! ಬಸ್ಸಿನಲ್ಲಿ ಪಕ್ಕದವಳಿಗೆ ಸೀಟು ಬಿಟ್ಟುಕೊಟ್ಟಷ್ಟು ಹಗುರಾಗಿ. ಪದ್ಮಾಕ್ಷಿಗೆ ಮತ್ತೆ ಹೊಟ್ಟೆ ಉರಿಯಿತು, ಈ ಸಲ ಮೊದಲಿಗಿಂತ ಹೆಚ್ಚು. ಸರ್ ಒಳ್ಳೆಯ ಅರ್ಧವನ್ನು ತನಗೆ ಇಟ್ಟದ್ದು ತನ್ನ ಕೈ ದೊಡ್ಡದೆಂದಲ್ಲ. ತಪ್ಪೊಂದನ್ನು ಹೊತ್ತುಕೊಂಡು ಹಾಯಾಗಿ ಊಟ ಮಾಡಿ ಮಲಗುವ ಶಕ್ತಿ ಇಬ್ಬರಲ್ಲಿ ಯಾರಿಗಿದೆ ಎಂದು ಅವರಿಗೆ ಗೊತ್ತಿತ್ತು. ಕೈಯಲ್ಲಿರುವ ಕಣ್ಣಿಗಿಂತ ಅದು ದೊಡ್ಡದು. ಅದೂ ಈ ಹುಡುಗಿಗೇ ಇತ್ತು.

ಒಂಬತ್ತಕ್ಕೆ ನಲವತ್ತು ಮಂದಿ ಬಿಳಿ ಕೋಟು ತೊಟ್ಟು ಒಳಗೆ ಬಂದರು. ಔಷಧಿಯ ಘಾಟಿಗೆ ಕೆಲವರು ಕಣ್ಣು ಒರೆಸಿಕೊಂಡರು. ಮೇಜಿನ ಮೇಲಿರುವವರು ಯಾರೆಂದು ಮಕ್ಕಳಿಗೆ ಹೇಳುವ ಪದ್ಧತಿ ಇಲ್ಲ. ಆದರೆ ಮಕ್ಕಳು ತಾವು ಯಾರೆಂದು ಅವರಿಗೆ ಹೇಳಬೇಕು. ಶಾಮರಾಯರು ಹಾಕಿಕೊಟ್ಟ ಕ್ರಮ ಅದು. 'ಯಾರ್ ಮನಿಗ್ ಹೋರೂ ಬಾಗ್ಲಗೆ ನಿಂತ್ ನಾನ್ ಇಂಥವ ಅಂದ್ ಹೇಳುದಿಲ್ಯಾ? ಇಲ್ಲೂ ಹಾಂಗೇ' ಎನ್ನುತ್ತಿದ್ದರು. ಹೆಸರು, ಊರು, ಅಷ್ಟೇ. ಮೇಷ್ಟರುಗಳು ಹೇಳಬೇಕಾಗಿರಲಿಲ್ಲ, ಅವರು ಮನೆಯವರು.

ಒಬ್ಬೊಬ್ಬರೇ ಮುಂದೆ ಬಂದು ಮೇಜಿನ ಅಂಚು ಮುಟ್ಟಿದರು. "ರತನ್, ಶಂಕರನಾರಾಯಣ." "ಚಂದನಾ, ಗುಲ್ವಾಡಿ." ಕೊನೆಯವನ ಸರದಿ ಮುಗಿದ ಮೇಲೆ ಸೌಜನ್ಯ ಮುಖದ ಬಟ್ಟೆ ತೆಗೆದಳು.

"ಹತ್ರ ಬನ್ನಿ ಮಕ್ಳೆ. ಈ ನರಕ್ಕೆ ಐದ್ ಕವಲ್. ಇಲ್ಲಿ ಒಂದ್ ಕಡ್ದ್ ಹೋಯ್ತ್. ಅದ್ ಕಡ್ದದ್..."

ಪದ್ಮಾಕ್ಷಿ ಸ್ಟೂಲಿನಿಂದ ಎದ್ದಳು. ಸೌಜನ್ಯಳ ಮೇಲಿನ ಹೊಟ್ಟೆಕಿಚ್ಚು ಒಂದಿಷ್ಟೂ ಆರಿರಲಿಲ್ಲ, ಆರದಿದ್ದುದಕ್ಕೇ ಎದ್ದಳು. ತಪ್ಪು ಹೊರುವುದನ್ನೂ ಸೌಜನ್ಯಳ ಪಾಲಿಗೆ ಬಿಟ್ಟುಕೊಡಲು ಅವಳಿಗೆ ಮನಸ್ಸಾಗಲಿಲ್ಲ. ಹುಡುಗರ ನಡುವೆ ದಾರಿ ಮಾಡಿಕೊಂಡು ಬಂದು, ಮೊದಲ ವರ್ಷದವಳ ಹಾಗೆ ಮೇಜಿನ ಅಂಚು ಮುಟ್ಟಿದಳು.

"ಪದ್ಮಾಕ್ಷಿ, ಸಾಲಿಗ್ರಾಮ," ಎಂದಳು. "ಎಡ ಬದಿ ಕಡ್ದದ್ ನಾನ್, ಸರ್."

'ಸರ್' ಎಂದದ್ದು ಕೇಳಿ ಚಂದನಾ ಮೇಜಿನ ಮೇಲಿದ್ದ ಮುಖವನ್ನೂ ಗೋಡೆಯ ಫೋಟೋವನ್ನೂ ಒಮ್ಮೆ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. ಸೌಜನ್ಯ ಒಂದು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟಳು. ಮೇಜು ತಿರುಗಿಸಲು ಬಂದ ಕುಷ್ಟನಿಗೆ ಪದ್ಮಾಕ್ಷಿ ಬೇಡವೆಂದು ಸನ್ನೆ ಮಾಡಿ, ಕಡಿದ ಎರಡು ತುದಿಗಳನ್ನು ಚಿಮಟದಲ್ಲಿ ಬೆಳಕಿಗೆ ಎತ್ತಿ ಹಿಡಿದಳು.

"ಎಲ್ಲಿ ಕಡ್ದದ್, ಹೆಂಗ್ ಕಡ್ದದ್, ತೋರ್ಸ್ತೆ," ಎಂದಳು. "ಹತ್ರ ಬನ್ನಿ."