ಮೂಟೆಯ ಗಂಟು

“ಏನೇ ಬರಲಿ, ನನ್ನ ಮಗನ್ನ ಕಟ್ ಹಾಕಲ್ಲ ಅಂತ ಹೇಳೇ,” ಎಂದು ಸಾಯುತ್ತಿದ್ದ ಮುದುಕಿ ಸೊಸೆಯ ಮೊಣಕೈಗೆ ಉಗುರು ನೆಟ್ಟಿದ್ದಳು.

“ಕಟ್ಟಲ್ಲ ಅತ್ತೆ. ನೀವು ನೆಮ್ಮದಿಯಾಗಿ ಹೋಗಿ.”

ಅದಾಗಿ ಎಷ್ಟೋ ವರ್ಷ. ಅತ್ತೆ ಇದ್ದಾಗಲೇ ಲಾಂಡ್ರಿಯ ಒಗೆಯುವ ಡ್ರಮ್ಮಿನ ಮುಚ್ಚಳ ಗಂಡನ ತಲೆಗೆ ಬಡಿದಿತ್ತು. ಅಂದಿನಿಂದ ಅವನಿಗೆ ಬುದ್ಧಿಯೂ ನಿಲ್ಲುತ್ತಿರಲಿಲ್ಲ, ಉಚ್ಚೆಯೂ ನಿಲ್ಲುತ್ತಿರಲಿಲ್ಲ. ಅದೇ ಲಾಂಡ್ರಿಯಲ್ಲಿ ಆಸ್ಪತ್ರೆಯ ಹಾಸುಬಟ್ಟೆ ಒಗೆಯುವ ಹೆಂಡತಿ ಮನೆಗೆ ಹೊರಗಿನಿಂದ ಚಿಲಕ ಹಾಕಿ ಬರುತ್ತಿದ್ದಳು. ಊಟದ ಹೊತ್ತಿಗೆ ಓಡಿಹೋಗಿ, ಅವನ ಅಂಡು ತೊಳೆದು, ಬಾಯಿಗೆ ತುತ್ತಿಟ್ಟು, ತಾನು ತಿನ್ನದೆ ಓಡಿಬರುತ್ತಿದ್ದಳು.

ಅವತ್ತು ಊಟದ ಹೊತ್ತಿಗೆ ಲಾಂಡ್ರಿಯ ಗೇಟಿಗೆ ಬೀಗ. ಸೂಪರ್‌ವೈಸರ್ ಬೀಗದ ಕೈ ತಿರುಗಿಸುತ್ತ ನಿಂತಿದ್ದ.

“ಎಲ್ಲಿಗೆ ಹೊರಟಿತು ಮಹಾರಾಣಿ ಸವಾರಿ?”

“ಸಾರ್, ಅವರೊಬ್ರೇ ಇದಾರೆ. ನಿನ್ನೆ ಉರಿಯೋ ಒಲೆಗೆ ಕೈ ಇಟ್ಬಿಟ್ಟಿದ್ರು.”

“ಗಂಡನ ಉಚ್ಚೆ ಬಟ್ಟೆ ಒಗೆಯೋಕೆ ಓಡ್ತೀಯಲ್ಲ, ಇಲ್ಲಿ ಬಿದ್ದಿರೋದನ್ನ ನಿಮ್ಮಪ್ಪ ಒಗೀತಾನಾ? ಇನ್ಮೇಲೆ ಸಂಜೆವರೆಗೂ ಗೇಟ್ ತೆಗೆಯಲ್ಲ.”

“ಏನಾದ್ರೂ ಮಾಡ್ಕೊಂಡ್ಬಿಟ್ರೆ?”

“ಕಟ್ ಹಾಕಿ ಬಾ. ನಾಯಿ ಕಟ್ಟಲ್ವಾ?” ಹತ್ತಿರ ಬಂದು ಮೂಸಿದ. “ಥೂ, ನೀನೂ ಅವನ ಹಾಗೇ ನಾರ್ತೀಯ.”

ಒಗೆಯುವ ಹೆಂಗಸರು ನಕ್ಕರು. ಅವಳೂ ನಕ್ಕಳು. ನಗದಿದ್ದರೆ ಕೆಲಸ ಹೋಗುತ್ತಿತ್ತು.

ಮಾರನೆಯ ಬೆಳಿಗ್ಗೆ ಹಳೆಯ ಹಾಸುಬಟ್ಟೆ ಹರಿದು ಗಂಡನ ಕೈಯನ್ನು ಮಂಚದ ಕಾಲಿಗೆ ಬಿಗಿದಳು. ಅವನು ಅವಳ ಭುಜ ಕಚ್ಚಿದ. ಅವಳು ಕೆನ್ನೆಗೆ ಬಾರಿಸಿದಳು, ಮತ್ತೆ ಬಾರಿಸಿದಳು.

“ಬಿಡೋ ಮುಂಡೇದೇ! ನನ್ನನ್ನೇ ತಿಂತೀಯಾ? ತಿಂದ್ಬಿಡು, ಒಂದ್ಸಲ ಮುಗೀಲಿ!”

“ಬೇಡ ಕಣೇ,” ಎಂದ. ಅವನಲ್ಲಿ ಉಳಿದಿದ್ದ ಕೆಲವೇ ಮಾತುಗಳಲ್ಲಿ ಅದೊಂದು.

ಆತುರದಲ್ಲಿ ಅವಳ ಬೆರಳುಗಳು ಹಾಕಿದ್ದು ಕೊಳೆಬಟ್ಟೆಯ ಮೂಟೆಗೆ ಹಾಕುವ ಗಂಟು. ವ್ಯಾನಿನಿಂದ ಎಸೆದರೂ ಬಿಚ್ಚಿಕೊಳ್ಳಬಾರದು, ಜಗ್ಗಿದಷ್ಟೂ ಬಿಗಿಯಬೇಕು. ದಿನವಿಡೀ ಅದನ್ನೇ ಹಾಕುವ ಬೆರಳಿಗೆ ಬೇರೆ ಗಂಟು ಹೊಳೆಯಲಿಲ್ಲ.

ಸಂಜೆ ಬಾಗಿಲು ತೆಗೆದಾಗ ಅವನು ಜಗ್ಗುವುದನ್ನು ನಿಲ್ಲಿಸಿದ್ದ. ಬಟ್ಟೆ ಮಣಿಕಟ್ಟಿನ ಮಾಂಸದೊಳಗೆ ಹೂತುಹೋಗಿತ್ತು. ಬೆರಳುಗಳು ಕಪ್ಪಿಟ್ಟು ಊದಿದ್ದವು. ಚಾಕುವಿನಿಂದ ಕೊಯ್ದರೆ ಬಟ್ಟೆಯ ಜೊತೆ ಚರ್ಮವೂ ಎದ್ದು ಬಂತು. ಅವನು ಅವಳ ಮುಖವನ್ನೇ ನೋಡುತ್ತಿದ್ದ.

ಬೆನ್ನ ಮೇಲೆ ಹೊತ್ತು ಲಾಂಡ್ರಿಗೆ ಓಡಿದಳು. ಒಗೆದ ಬಟ್ಟೆ ತುಂಬಿಕೊಂಡು ಆಸ್ಪತ್ರೆಯ ವ್ಯಾನು ಹೊರಡುವುದರಲ್ಲಿತ್ತು.

“ಸಾರ್, ಕೈ ಸತ್ತೋಗ್ತಿದೆ. ವ್ಯಾನಲ್ಲಿ ಹಾಕ್ಕೊಳ್ಳಿ. ಅಲ್ಲಿಗೇ ತಾನೆ ಹೋಗ್ತಿರೋದು?”

“ಇಸ್ತ್ರಿ ಬಟ್ಟೆ ಮೇಲೆ ಈ ಹೇಲಿನ ಮೂಟೆ ಮಲಗಿಸ್ತೀಯಾ? ಎತ್ಕೊಂಡ್ ಹೋಗೇ!” ಅವಳು ನೆಲಕ್ಕಿಳಿಸಿದ್ದ ಗಂಡನ ಪಕ್ಕೆಗೆ ಸೂಪರ್‌ವೈಸರ್ ಬೂಟುಗಾಲಿನಿಂದ ತಿವಿದ.

ಬಾಗಿಲ ಬಳಿಯ ಮೇಜಿನಿಂದ ಕಾದ ಇಸ್ತ್ರಿಪೆಟ್ಟಿಗೆ ಕಿತ್ತು ಅವಳು ಸೂಪರ್‌ವೈಸರನ ಮೊಣಕಾಲಿಗೆ ಬಡಿದಳು. ಅವನು ಕುಸಿದ. ಅದನ್ನೇ ಅವನ ಕೆನ್ನೆಗೆ ಒತ್ತಿ ಹಿಡಿದಳು. ಚುಂಯ್ ಎಂದಿತು. ಅವನ ಕಿರುಚಾಟಕ್ಕೆ ಹೊರಬಂದ ಹೆಂಗಸರು ಒಂದು ಗಳಿಗೆ ನಿಂತರು. ಆಮೇಲೆ ಒಬ್ಬಳು ವ್ಯಾನಿನಲ್ಲಿದ್ದ ಬಿಳಿ ಬಟ್ಟೆಯ ಮೂಟೆಗಳನ್ನು ಕೆಸರಿಗೆ ಎಳೆದುಹಾಕಿದಳು. ಇನ್ನಿಬ್ಬರು ಗಂಡನನ್ನು ಎತ್ತಿ ವ್ಯಾನಿನೊಳಗೆ ಮಲಗಿಸಿದರು.

“ಹತ್ತು ಅಕ್ಕ, ಬೇಗ ಹತ್ತು!” ಎಂದ ಡ್ರೈವರ್.

ಆಸ್ಪತ್ರೆಯಲ್ಲಿ ಕೈ ಕತ್ತರಿಸಿದರು. ಹೊರಗಿನ ಬೆಂಚಿನಲ್ಲಿದ್ದ ಅವಳೆದುರು ಪೊಲೀಸ್ ಬಂದು ನಿಂತ.

“ಸೂಪರ್‌ವೈಸರ್ ಮುಖ ಸುಟ್ಟಿದ್ದು ನೀನೇನಾ?”

“ಹೂಂ.”

“ನಿನ್ನ ಗಂಡನ ಕೈ?”

“ಅದೂ ನಾನೇ. ಕಟ್ ಹಾಕಲ್ಲ ಅಂತ ಅತ್ತೆಗೆ ಮಾತು ಕೊಟ್ಟಿದ್ದೆ. ಕಟ್ಟಿದೆ.”