ಸೌಂದರ್ಯಾಳ ಬಲಗೈ

“ನಿನ್ನ ಮಗಳು ಒಂದ್ ವರ್ಷ ಫೇಲಾದ್ರ ಯಾವ ಸರ್ಕಾರ ಬೀಳತೈತಿ, ಹಲ್ಕಟ್ ರಂಡಿ? ನಾಳೆ ಅಕಿ ಬಂದು ಬರೀಲಿಲ್ಲಂದ್ರ ನಿನ್ನ ತಗಡಿನ ಮನಿ ನನ್ನ ಹೊಲದಾಗ ಇರೂದಿಲ್ಲ, ನೋಡು!”

ರಾವಸಾಹೇಬರು ಬೈದದ್ದು ನನ್ನ ಅವ್ವನಿಗೆ. ಅವಳು ಅವರ ತೋಟದಲ್ಲಿ ದ್ರಾಕ್ಷಿ ಕೊಯ್ಯುತ್ತಿದ್ದಳು.

“ಕಳಸ್ತೀನ್ರಿ ಸಾವ್ಕಾರ” ಎಂದಳು. ನನ್ನ ಕಡೆ ನೋಡಲಿಲ್ಲ.

ಸಾವ್ಕಾರರ ಮಗಳು ಸೌಂದರ್ಯಾ ಮೊನ್ನೆಯಷ್ಟೇ ಸ್ಕೂಟಿ ಓಡಿಸಿಕೊಂಡು ಅಥಣಿಗೆ ಹೋಗಿಬಂದಿದ್ದಳು. ಇವತ್ತು ಬಲಗೈಗೆ ಪ್ಲಾಸ್ಟರ್! ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದವಳು. ಕೈ ಮುರಿದವರಿಗೆ ಕೆಳಗಿನ ತರಗತಿಯವರು ಬರೆದುಕೊಡಬಹುದಂತೆ. ಅವರು ಹೇಳಬೇಕು, ಇವರು ಬರೆಯಬೇಕು. ಒಂಬತ್ತನೆಯ ತರಗತಿಯಲ್ಲಿ ಗಣಿತಕ್ಕೆ ನಾನೇ ಮೊದಲು. ನಾಳೆ ಅದೇ ಹೊತ್ತಿಗೆ ನನ್ನ ಗಣಿತದ ವಾರ್ಷಿಕ ಪರೀಕ್ಷೆಯೂ ಇತ್ತು.

“ಯವ್ವಾ, ನಾ ಫೇಲಾದ್ರ ಮತ್ತ ಸಾಲಿಗೆ ಕಳಸ್ತಿ?” ದಾರಿಯಲ್ಲಿ ಕೇಳಿದೆ.

ಅವ್ವ ಬಿರಬಿರನೆ ಮುಂದೆ ನಡೆದಳು. ನನ್ನ ಅಕ್ಕ ಮಂಗಲ ಎಂಟರಲ್ಲಿ ಫೇಲಾದ ಮರುದಿನವೇ ತೋಟದ ಕೂಲಿಗೆ ಬಿದ್ದಿದ್ದಳು. ನನಗೆ ರಾತ್ರಿಯಿಡೀ ನಿದ್ದೆ ಬರಲಿಲ್ಲ.

ಮರುದಿನ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೇಂದ್ರದಲ್ಲಿ ಸೌಂದರ್ಯಾಗೂ ನನಗೂ ಬೇರೆಯೇ ಒಂದು ಕೋಣೆ ಕೊಟ್ಟಿದ್ದರು. ಕಾವಲಿಗಿದ್ದ ಶ್ರೀಪಾಲ ಮಾಸ್ತರರು, “ಬರಿ ತಂಗಿ, ನಾ ಏನೂ ನೋಡೂದಿಲ್ಲ” ಎಂದು ಪೇಪರ್ ಬಿಚ್ಚಿದರು. ಕಿಟಕಿಯಾಚೆ ಗೇಟಿನ ಬಳಿ ಸಾವ್ಕಾರರ ಜೀಪು ನಿಂತಿತ್ತು. ಅದರ ಗಾಲಿಯ ಪಕ್ಕ, ನೆಲದ ಮೇಲೆ ಅವ್ವನನ್ನು ಕೂರಿಸಿದ್ದರು.

ಮೊದಲನೆಯ ಲೆಕ್ಕ ಸುಲಭದ್ದು, ನನಗೆ ಬರುತ್ತಿತ್ತು. ಆದರೆ ನನ್ನ ಶಾಲೆಯಲ್ಲಿ ಆಗಲೇ ಗಂಟೆ ಹೊಡೆದಿರುತ್ತದೆ, ನನ್ನ ಬೆಂಚು ಖಾಲಿ.

“ಏನ್ ಬರೀಲಿ? ಹೇಳ್ರಿ ಅಕ್ಕಾರ” ಎಂದೆ.

ಸೌಂದರ್ಯಾ ಪ್ಲಾಸ್ಟರಿನ ಕೈಯಿಂದಲೇ ಚಾಕಲೇಟಿನ ಕಾಗದ ಬಿಚ್ಚುತ್ತಿದ್ದಳು. “ನನಗೇನ್ ಗೊತ್ತ? ನೀನ ಮಾಡು. ಅದಕ್ಕ ನಿನ್ನ ಹಿಡಕೊಂಡ್ ಬಂದೀವಿ.”

ಒಂದು ಎಂದು ಅಂಕಿ ಹಾಕಿ, ಅವಳು ಹೇಳಿದ ಆ ಮಾತನ್ನೇ ಒಂದಕ್ಷರ ಬಿಡದೆ ದುಂಡಗೆ ಬರೆದೆ.

ಅವಳು ಬಗ್ಗಿ ನೋಡಿದಳು. ಮುಖ ಬಿಳಿಚಿತು. “ಏನ್ ಬರದೀಬೇ ಇದು? ಕಾಟ್ ಹೊಡಿ! ಇಲ್ಲಂದ್ರ ಅಪ್ಪಾಗ ಹೇಳಿ ಇವತ್ತ ನಿಮ್ಮ ಮನಿ ಕೆಡವಸ್ತೀನಿ!”

ಕಿಟಕಿಯ ಕಡೆ ನೋಡುವ ಧೈರ್ಯವಾಗಲಿಲ್ಲ. ಎರಡು ಎಂದು ಅಂಕಿ ಹಾಕಿ, ಅದನ್ನೂ ಬರೆದೆ.